ಸಿಜಡ್‌ಟಿಎಸ್ ನ್ಯಾನೊಕಣ ಕೈಕೊಟ್ಟಾಗ: ಮೊದಲು ತಾಮ್ರವನ್ನು ವಿಚಾರಿಸಿ

ಕಪ್ಪು ಪುಡಿ ಕೈಗೆ ಬಂದಿದೆ. ಎಕ್ಸ್‌ಆರ್‌ಡಿ (ಎಕ್ಸ್-ಕಿರಣ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ) ತೆಗೆದರೆ 28.5, 47.3 ಮತ್ತು 56.1 ಡಿಗ್ರಿ ಕೋನದಲ್ಲಿ ಮೂರು ಪೀಕ್‌ಗಳು ನೀಟಾಗಿ ನಿಂತಿವೆ. ಆದರೂ ಅದರಿಂದ ಸೋಲಾರ್ ಸೆಲ್ ಮಾಡಿದರೆ ವೋಲ್ಟೇಜ್ ಏಳುವುದೇ ಇಲ್ಲ. ಇನ್ನೊಂದು ದಿನ ಅದೇ ತೂಕ, ಅದೇ ತಾಪಮಾನ, ಅದೇ ಕೈ. ಬಣ್ಣ ಮಾತ್ರ ಬೇರೆ. ತಾಮ್ರ, ಸತು, ತವರ, ಗಂಧಕ ಸೇರಿಸಿ ಸಿಜಡ್‌ಟಿಎಸ್ (CZTS) ಎಂಬ ವಸ್ತುವಿನ ನ್ಯಾನೊಕಣ ಮಾಡುವವರಿಗೆ ಈ ಎರಡು ಸಂಕಟಗಳೂ ಹೊಸವಲ್ಲ.

ಹಾಟ್ ಇಂಜೆಕ್ಷನ್ ವಿಧಾನದಲ್ಲಿ ಸಿಜಡ್‌ಟಿಎಸ್ ಮಾಡುವಾಗ ಏನೇನು ಕೆಡುತ್ತದೆ, ಕೆಟ್ಟದ್ದನ್ನು ಎಲ್ಲಿಂದ ಹುಡುಕಬೇಕು ಅಂತ ಇಲ್ಲಿ ಬರೆದಿದ್ದೇನೆ. ಬಿಸಿಯಾದ ಒಲೈಲ್‌ಅಮೀನ್ ಎಂಬ ಎಣ್ಣೆಯಂಥ ದ್ರವದಲ್ಲಿ ಲೋಹದ ಲವಣಗಳನ್ನು ಕರಗಿಸಿ, ಗಂಧಕದ ದ್ರಾವಣವನ್ನು ಸಿರಿಂಜಿನಿಂದ ಒಂದೇ ಸಲ ಒಳಗೆ ತಳ್ಳುವುದು ಈ ವಿಧಾನ. ಈ ವಸ್ತುವಿಗೆ ಇದನ್ನು 2009ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಮಾಡಿ ತೋರಿಸಿದರು. ಅದೇ ವರ್ಷ ಕೊಲರಾಡೋ ಮತ್ತು ಟೆಕ್ಸಾಸ್‌ನ ಪ್ರಯೋಗಾಲಯಗಳಿಂದಲೂ ಸಿಜಡ್‌ಟಿಎಸ್ ನ್ಯಾನೊಕಣ ಬಂತು. ಆಸೆ ಹುಟ್ಟಿಸಿದ್ದು ಅದರ ಸಾಮಗ್ರಿ. ಇಂಡಿಯಂ ಬೇಡ, ಕ್ಯಾಡ್ಮಿಯಂ ಟೆಲ್ಯುರೈಡ್ ಬೇಡ. ಸುಲಭವಾಗಿ ಸಿಗುವ ಲೋಹಗಳೇ ಸಾಕು. ಬ್ಯಾಂಡ್ ಗ್ಯಾಪ್, ಅಂದರೆ ಬೆಳಕು ಹೀರಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 1.5 ಎಲೆಕ್ಟ್ರಾನ್ ವೋಲ್ಟ್, ಸೂರ್ಯನ ಬೆಳಕಿಗೆ ಹೇಳಿ ಮಾಡಿಸಿದ ಹಾಗಿದೆ.

ತಾಮ್ರಕ್ಕೆ ಅವಸರ

ಪಿಯುಸಿ ಲ್ಯಾಬಿನ ಲವಣ ವಿಶ್ಲೇಷಣೆ ನೆನಪಿದೆ ಅಲ್ವಾ? ಆಸಿಡ್ ಹಾಕಿದ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಬಿಟ್ಟರೆ ತಾಮ್ರ ಎರಡನೇ ಗುಂಪಿನಲ್ಲೇ ಕಪ್ಪಾಗಿ ಬೀಳುತ್ತದೆ. ಸತು ಬೀಳುವುದಿಲ್ಲ. ಅದು ನಾಲ್ಕನೇ ಗುಂಪಿನವರೆಗೆ ಕಾಯುತ್ತದೆ, ಅಮೋನಿಯಾ ಹಾಕಿದ ಮೇಲೆ ಬೆಳ್ಳಗೆ ಬೀಳುತ್ತದೆ. ಆವತ್ತು ಕಲಿತ ಆ ಪಾಠ ಈ ಫ್ಲಾಸ್ಕಿನೊಳಗೂ ನಡೆಯುತ್ತದೆ. ಗಂಧಕ ಒಳಗೆ ಬಿದ್ದ ಕೂಡಲೇ ಅದನ್ನು ಮೊದಲು ಹಿಡಿಯುವುದು ತಾಮ್ರ. ಮೊದಲು ಹುಟ್ಟುವುದು ಕಾಪರ್ ಸಲ್ಫೈಡ್ ಕಣ. ಆಮೇಲೆ ಅದರೊಳಗೆ ತವರ ಇಳಿಯಬೇಕು, ಸತು ಇಳಿಯಬೇಕು. ಅವೆರಡೂ ಪೂರ್ತಿ ಇಳಿದರೆ ಮಾತ್ರ ಅದು ಸಿಜಡ್‌ಟಿಎಸ್.

ನಾನು ಕಂಡ ದೋಷಗಳಲ್ಲಿ ಬಹುಪಾಲು ಇದೇ ಒಂದು ಮಾತಿಗೆ ಬಂದು ನಿಂತಿವೆ. ತಾಮ್ರ ಮುಂದೆ ಓಡಿತು, ಬೇರೆಯವು ಹಿಂದೆ ಉಳಿದವು. ಹಾಗಾಗಿ ಯಾವ ಬ್ಯಾಚ್ ಕೆಟ್ಟರೂ ನಾನು ಮೊದಲು ಕೇಳುವ ಪ್ರಶ್ನೆ: ತಾಮ್ರ ಎಲ್ಲಿ ಹೋಯಿತು?

ಗಂಧಕ ಹಾಕುವ ಮೊದಲೇ ಕೆಟ್ಟಿದ್ದರೆ

ಮೊದಲ ಪರೀಕ್ಷೆಗೆ ಯಂತ್ರ ಬೇಡ, ಕಣ್ಣು ಸಾಕು. ದೋಷ ಹುಡುಕಲು ನಾನು ಇಟ್ಟುಕೊಂಡಿರುವ ಅಳತೆ ಇದು: ಕಾಪರ್ ಅಸಿಟೈಲ್‌ಅಸಿಟೋನೇಟ್ 1.5 ಮಿಲಿಮೋಲ್, ಜಿಂಕ್ ಅಸಿಟೇಟ್ ಮತ್ತು ಸ್ಟ್ಯಾನಿಕ್ ಕ್ಲೋರೈಡ್ (ತವರದ ಲವಣ) ತಲಾ 0.75 ಮಿಲಿಮೋಲ್, ಒಲೈಲ್‌ಅಮೀನ್ 10 ಮಿ.ಲೀ. ಗಂಧಕ ಒಲೈಲ್‌ಅಮೀನ್‌ನಲ್ಲಿ ಕರಗಿದ 1 ಮೋಲಾರ್ ದ್ರಾವಣ, 3 ಮಿ.ಲೀ.

ಶುರುವಿನಲ್ಲಿ ಫ್ಲಾಸ್ಕ್ ಗಾಢ ನೀಲಿ. ಬಿಸಿ ಏರಿದಂತೆ ಹಸಿರಾಗಿ, ಆಮೇಲೆ ಹಳದಿ-ಕಂದು ಬಣ್ಣಕ್ಕೆ ತಿರುಗಬೇಕು. ಒಲೈಲ್‌ಅಮೀನ್ ಎರಡು ಚಾರ್ಜಿನ ತಾಮ್ರವನ್ನು ಒಂದು ಚಾರ್ಜಿಗೆ ಇಳಿಸುತ್ತಿದೆ ಎನ್ನುವ ಗುರುತು ಅದು. ನೀಲಿ-ಹಸಿರು ಹಾಗೇ ಉಳಿದರೆ ಗಂಧಕ ಹಾಕಬೇಡಿ. ಎಲ್ಲೋ ಗಾಳಿ ಸೋರುತ್ತಿದೆ, ಅಥವಾ ಒಳಗಿನ ಬಿಸಿ ನೀವು ಅಂದುಕೊಂಡಷ್ಟಿಲ್ಲ. ಎರಡನೆಯದೇ ಜಾಸ್ತಿ. ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಫ್ಲಾಸ್ಕ್ ಕಾಯಿಸುವ ಮ್ಯಾಂಟಲ್‌ಗೆ ತಾಗಿಕೊಂಡಿದ್ದರೆ ಮೀಟರ್ 225 ಡಿಗ್ರಿ ತೋರಿಸುತ್ತಿದ್ದರೂ ದ್ರಾವಣ ಎಷ್ಟೋ ತಣ್ಣಗಿರುತ್ತದೆ. ಥರ್ಮೋಕಪಲ್‌ನ ತುದಿ ದ್ರಾವಣದೊಳಗೇ ಮುಳುಗಿರಬೇಕು.

ಇದರ ಉಲ್ಟಾ ದೋಷವೂ ಇದೆ. ಫ್ಲಾಸ್ಕಿನ ಗೋಡೆಗೆ ತಾಮ್ರದ ಕನ್ನಡಿ ಹಿಡಿಯುತ್ತದೆ, ದ್ರಾವಣ ಕೆಂಪು-ಕಪ್ಪಾಗುತ್ತದೆ. ತಾಮ್ರ ಪೂರ್ತಿ ಲೋಹಕ್ಕೇ ಇಳಿದಿದೆ ಎಂದರ್ಥ. ಗಂಧಕ ಹಾಕದೆ 200 ಡಿಗ್ರಿಗಿಂತ ಮೇಲೆ ತುಂಬ ಹೊತ್ತು ಇಟ್ಟರೆ ಹೀಗಾಗುತ್ತದೆ. ಎಕ್ಸ್‌ಆರ್‌ಡಿಯಲ್ಲಿ 43.3 ಮತ್ತು 50.4 ಡಿಗ್ರಿಯಲ್ಲಿ ಪೀಕ್ ಬಂದರೆ ಅದು ಲೋಹದ ತಾಮ್ರವೇ. ಆ ಬ್ಯಾಚನ್ನು ಉಳಿಸಲು ಹೋಗಬೇಡಿ. ಮುಂದಿನ ಸಲ 130 ಡಿಗ್ರಿಯಲ್ಲಿ ಡೀಗ್ಯಾಸ್ (ವ್ಯಾಕ್ಯೂಮ್ ಹಾಕಿ ಗಾಳಿ, ನೀರು ತೆಗೆಯುವುದು) ಮುಗಿಸಿ ಬೇಗ ಮೇಲೆ ಏರಿಸಿ. 225 ಮುಟ್ಟಿದ ತಕ್ಷಣ ಗಂಧಕ ಹಾಕಿ.

ಬಿಳಿ ಮಬ್ಬು ಕಂಡರೆ ಅದು ಬಹುಶಃ ಟಿನ್ ಆಕ್ಸೈಡ್. ನೀರು ಉಳಿದಿದೆ, ಅಥವಾ ಗಾಳಿ ಬಂದಿದೆ. ಸೆಪ್ಟಮ್ (ಫ್ಲಾಸ್ಕಿನ ರಬ್ಬರ್ ಮುಚ್ಚಳ) ಬದಲಿಸಿ, ಜಾಯಿಂಟ್‌ಗಳ ಗ್ರೀಸ್ ನೋಡಿ, ಮತ್ತೆ ಶುರು ಮಾಡಿ.

ಬಾಟಲಿಯ ಲೇಬಲ್ ಕೂಡ ಓದಿ. ಇದು ತೀರಾ ಸಣ್ಣ ವಿಷಯ ಅನಿಸುತ್ತದೆ, ಆದರೆ ನಾನು ತುಂಬ ಸಲ ನೋಡಿದ ತಪ್ಪು. ಜಿಂಕ್ ಅಸಿಟೇಟ್ ಸಾಮಾನ್ಯವಾಗಿ ಎರಡು ನೀರಿನ ಅಣು ಇರುವ ರೂಪದಲ್ಲಿ ಸಿಗುತ್ತದೆ, ಅಣುತೂಕ 219.5. ನೀರಿಲ್ಲದ ರೂಪದ 183.5 ಹಾಕಿ ಲೆಕ್ಕ ಮಾಡಿದರೆ ಸತು 16 ಶೇಕಡ ಕಡಿಮೆ ಬೀಳುತ್ತದೆ. ಸ್ಟ್ಯಾನಿಕ್ ಕ್ಲೋರೈಡಿನಲ್ಲಿ ಇನ್ನೂ ಜಾಸ್ತಿ. ಐದು ನೀರಿನ ರೂಪಕ್ಕೆ 350.6, ಒಣ ರೂಪಕ್ಕೆ 260.5. ಇಲ್ಲಿ ಎಡವಿದರೆ ತವರದ ಕಾಲುಭಾಗವೇ ಹೋಯಿತು. ತವರ, ಸತು ಕಡಿಮೆಯಾದರೆ ಉಳಿದ ತಾಮ್ರ ಏನು ಮಾಡುತ್ತದೆ? ಕಾಪರ್ ಸಲ್ಫೈಡಾಗಿಯೇ ಉಳಿಯುತ್ತದೆ.

ಗಂಧಕದ ದ್ರಾವಣ ಮತ್ತು ಗಾಳಿಯ ವಿಷ

ಒಲೈಲ್‌ಅಮೀನ್‌ನಲ್ಲಿ ಗಂಧಕ ಕರಗಿದಾಗ ಕೆಂಪು-ಕಿತ್ತಳೆ ಬಣ್ಣ ಬರುತ್ತದೆ. ಅಲ್ಲಿರುವುದು ಬರೀ ಗಂಧಕವಲ್ಲ, ಅಮೀನ್ ಜೊತೆ ಕೂಡಿದ ಪಾಲಿಸಲ್ಫೈಡ್‌ಗಳು. ದಿನ ಕಳೆದಂತೆ, ಬಿಸಿ ಮಾಡಿದಂತೆ ಅದರ ಚುರುಕು ಬದಲಾಗುತ್ತದೆ. ಹೋದ ವಾರದ ದ್ರಾವಣ ಬಳಸಿದ ಬ್ಯಾಚನ್ನು ಇವತ್ತಿನದರ ಜೊತೆ ಹೋಲಿಸಬೇಡಿ. ಪ್ರತಿ ಸಲ ಹೊಸದಾಗಿ ಮಾಡಿ. ಒಲೈಲ್‌ಅಮೀನ್ ಕೂಡ ಹಾಗೆಯೇ. ಹೆಚ್ಚಿನವರು ಕೊಳ್ಳುವುದು 70 ಶೇಕಡ ಶುದ್ಧತೆಯದು. ಉಳಿದ 30 ಶೇಕಡದಲ್ಲಿ ಏನಿದೆ ಎನ್ನುವುದು ಬಾಟಲಿಯಿಂದ ಬಾಟಲಿಗೆ ಬದಲಾಗುತ್ತದೆ. ಬಾಟಲಿಯ ಲಾಟ್ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಈ ಕೆಲಸದಲ್ಲಿ ಹೈಡ್ರೋಜನ್ ಸಲ್ಫೈಡ್ ಬಂದೇ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ನಿಂತುಹೋಯಿತು ಅಂತ ನೆಮ್ಮದಿ ಪಡಬೇಡಿ. ಪ್ರಮಾಣ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಅದೇ ಅಪಾಯ. ಫ್ಯೂಮ್ ಹುಡ್ ಬೇಕು, ಸೆನ್ಸರ್ ಬೇಕು. ಹೊರಹೋಗುವ ಗಾಳಿಯನ್ನು ಮೊದಲು ಒಂದು ಖಾಲಿ ಬಾಟಲಿ, ನಂತರ ಮೈಲುತುತ್ತದ ನೀರಿನ ಮೂಲಕ ಬಿಡಿ. ಖಾಲಿ ಬಾಟಲಿ ಇಲ್ಲದಿದ್ದರೆ ಫ್ಲಾಸ್ಕ್ ತಣಿಯುವಾಗ ನೀರು ಹಿಂದಕ್ಕೆ ಎಳೆದುಕೊಂಡು ಬಿಸಿ ದ್ರಾವಣಕ್ಕೆ ಬೀಳಬಹುದು. ಆ ನೀಲಿ ನೀರು ಕಣ್ಣೆದುರಿಗೇ ಕಪ್ಪಾಗುವುದನ್ನು ಹೊಸ ವಿದ್ಯಾರ್ಥಿಗಳಿಗೆ ನಾನು ಬೇಕೆಂದೇ ತೋರಿಸುತ್ತೇನೆ. ಕೋಣೆಯ ಬಿಸಿಯಲ್ಲೇ, ಗುಳ್ಳೆಯಲ್ಲಿ ಬಂದ ಗಂಧಕವನ್ನೂ ತಾಮ್ರ ಬಿಡುವುದಿಲ್ಲ. ಇನ್ನು 225 ಡಿಗ್ರಿಯಲ್ಲಿ ಬಿಡುತ್ತದೆಯೇ?

ಎಕ್ಸ್‌ಆರ್‌ಡಿ ಸರಿ, ವಸ್ತು ತಪ್ಪು

ಸಂಶೋಧನೆಗೆ ಸೇರಿದ ಹೊಸದರಲ್ಲಿ ನನ್ನ ನಾಲ್ಕು ತಿಂಗಳು ಈ ಒಂದು ದೋಷಕ್ಕೆ ಹೋಯಿತು. ಪ್ರತಿ ಬ್ಯಾಚಿನ ಎಕ್ಸ್‌ಆರ್‌ಡಿಯೂ ಚೆನ್ನಾಗಿತ್ತು. ಮೂರು ಪೀಕ್, ಸರಿಯಾದ ಜಾಗ, ಬೇರೆ ಕಸವಿಲ್ಲ. ಕೊನೆಗೆ ಒಬ್ಬ ಸೀನಿಯರ್ ಅಕ್ಕ ಲೇಸರ್ ಬೆಳಕು ಚದುರುವ ರೀತಿಯಿಂದ ವಸ್ತು ಗುರುತಿಸುವ ರಾಮನ್ ಯಂತ್ರದ ಮುಂದೆ ಕೂರಿಸಿದರು. ನಾನು ಒಂದೇ ವಸ್ತು ಅಂದುಕೊಂಡಿದ್ದರಲ್ಲಿ ಎರಡು ಇದ್ದವು.

ಕಾರಣ ಸರಳ. ಸಿಜಡ್‌ಟಿಎಸ್, ಜಿಂಕ್ ಸಲ್ಫೈಡ್, ಕಾಪರ್ ಟಿನ್ ಸಲ್ಫೈಡ್ ಮೂರರ ಚೌಕಟ್ಟೂ ಹೆಚ್ಚುಕಡಿಮೆ ಒಂದೇ. ಗಂಧಕಗಳ ಜೋಡಣೆ ಒಂದೇ ತರಹ, ನಡುವಿನ ಲೋಹ ಮಾತ್ರ ಬೇರೆ. ಹಾಗಾಗಿ ಮೂರಕ್ಕೂ ದೊಡ್ಡ ಪೀಕ್ 28.4ರಿಂದ 28.6 ಡಿಗ್ರಿಯೊಳಗೆ ಬರುತ್ತದೆ. ಈಗ ಕಣದ ಗಾತ್ರ ನೋಡಿ. 10 ನ್ಯಾನೊಮೀಟರ್ ಕಣಕ್ಕೆ ಶೆರರ್ ಸೂತ್ರ (ಕಣ ಸಣ್ಣದಾದಷ್ಟೂ ಪೀಕ್ ಅಗಲ) ಹಾಕಿದರೆ ಪೀಕಿನ ಅಗಲವೇ ಸುಮಾರು 0.8 ಡಿಗ್ರಿ. 0.2 ಡಿಗ್ರಿ ಅಂತರದ ಮೂರು ಪೀಕ್‌ಗಳನ್ನು 0.8 ಡಿಗ್ರಿ ಅಗಲದೊಳಗೆ ಬೇರ್ಪಡಿಸುವುದು ಆಗದ ಮಾತು. ಬರೀ ಎಕ್ಸ್‌ಆರ್‌ಡಿ ನೋಡಿ ಶುದ್ಧ ಸಿಜಡ್‌ಟಿಎಸ್ ಅಂತ ಬರೆದದ್ದನ್ನು ಓದಿದಾಗ ನನಗೆ ಈಗಲೂ ಬೇಸರವಾಗುತ್ತದೆ.

ರಾಮನ್‌ನಲ್ಲಿ ಸಿಜಡ್‌ಟಿಎಸ್‌ನ ಮುಖ್ಯ ಪೀಕ್ 338ರ ಹತ್ತಿರ, ಜೊತೆಗೆ 287 ಮತ್ತು 368ರ ಆಸುಪಾಸಿನಲ್ಲಿ ಸಣ್ಣವು. ಅಳತೆ ಸೆಂಟಿಮೀಟರಿಗೆ ಇಷ್ಟು ಅಲೆಗಳು ಅಂತ. 303 ಮತ್ತು 355ರಲ್ಲಿ ಎದ್ದರೆ ಕ್ಯೂಬಿಕ್ ಕಾಪರ್ ಟಿನ್ ಸಲ್ಫೈಡ್, ಅಂದರೆ ಸತು ಒಳಗಿಳಿದಿಲ್ಲ. 475ರ ಹತ್ತಿರ ಚೂಪಾಗಿ ಎದ್ದರೆ ಕಾಪರ್ ಸಲ್ಫೈಡ್, ಅಂದರೆ ತಾಮ್ರ ಶುರುವಿನ ಹಂತದಲ್ಲೇ ನಿಂತಿದೆ. 315ರ ಹತ್ತಿರ ಬಂದರೆ ಟಿನ್ ಡೈಸಲ್ಫೈಡ್. ನ್ಯಾನೊಕಣದ ಪೀಕ್‌ಗಳು ಇಲ್ಲಿಯೂ ಅಗಲವೇ, ಆದರೆ ಅಂತರ ಸಾಕಷ್ಟಿದೆ.

ಎರಡು ಎಚ್ಚರಿಕೆ. 532 ನ್ಯಾನೊಮೀಟರ್ ಹಸಿರು ಲೇಸರಿಗೆ ಜಿಂಕ್ ಸಲ್ಫೈಡ್ ಸರಿಯಾಗಿ ಕಾಣುವುದಿಲ್ಲ. ಅದರ ಬ್ಯಾಂಡ್ ಗ್ಯಾಪ್ ದೊಡ್ಡದು. ಅದನ್ನು ಹಿಡಿಯಲು 325 ನ್ಯಾನೊಮೀಟರ್ ಲೇಸರ್ ಬೇಕು. ಆಗ 350ರ ಹತ್ತಿರ ಜೋರಾಗಿ ಏಳುತ್ತದೆ. ಹಸಿರು ಲೇಸರಿನಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ಜಿಂಕ್ ಸಲ್ಫೈಡ್ ಇಲ್ಲ ಅಂತಲ್ಲ. ಇನ್ನೊಂದು, ಲೇಸರ್ ಪವರ್ ಕಡಿಮೆ ಇಡಿ. ಕಪ್ಪು ಪುಡಿ ಬೇಗ ಕಾಯುತ್ತದೆ, ಪೀಕ್ ಜಾಗ ಬಿಟ್ಟು ಜಾರುತ್ತದೆ, ಕೊನೆಗೆ ವಸ್ತುವೇ ಬದಲಾಗುತ್ತದೆ.

ದೋಷ ಸಿಕ್ಕಿತು, ಪರಿಹಾರ? ಸತು ಹಿಂದೆ ಉಳಿದಿದ್ದರೆ ಮೊದಲು ಬಿಸಿ ಮತ್ತು ಸಮಯ ಹೆಚ್ಚಿಸಿ. 225ರಲ್ಲಿ 30 ನಿಮಿಷ ಸಾಲದಿದ್ದರೆ 250ರಿಂದ 280ರವರೆಗೆ ಹೋಗಿ ಒಂದು ಗಂಟೆ ಇಡಿ. ಟೆಕ್ಸಾಸ್‌ನವರು 280 ಡಿಗ್ರಿಯಲ್ಲಿ ಒಂದು ಗಂಟೆಯೇ ಇಟ್ಟಿದ್ದರು. ನಾಲ್ಕು ಹಂತಗಳಲ್ಲಿ, ಅಂದರೆ 1, 5, 15 ಮತ್ತು 60 ನಿಮಿಷಕ್ಕೆ ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪ ತೆಗೆದು ರಾಮನ್ ನೋಡಿ. 475ರ ಪೀಕ್ ಇಳಿಯುತ್ತಾ 338 ಏರುವುದು ಕಂಡರೆ ನಿಮ್ಮ ದಾರಿ ಸರಿ. ಅದು ಇಳಿಯದೆ ನಿಂತಿದ್ದರೆ ಬಿಸಿಯಿಂದ ಪ್ರಯೋಜನವಿಲ್ಲ, ತಾಮ್ರವನ್ನೇ ನಿಧಾನ ಮಾಡಬೇಕು. ಅದಕ್ಕೆ ಮುಂದೆ ಹೇಳುವ ಥಯಾಲ್ (ಗಂಧಕವಿರುವ ಸಾವಯವ ದ್ರವ) ಇದೆ.

ತವರದ ಲವಣದ ಆಯ್ಕೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸಿಜಡ್‌ಟಿಎಸ್‌ನಲ್ಲಿ ತಾಮ್ರ ಒಂದು ಚಾರ್ಜಿನದು, ತವರ ನಾಲ್ಕು ಚಾರ್ಜಿನದು. ಎರಡು ಚಾರ್ಜಿನ ತಾಮ್ರದ ಜೊತೆ ಎರಡು ಚಾರ್ಜಿನ ಸ್ಟ್ಯಾನಸ್ ಕ್ಲೋರೈಡ್ ಹಾಕಿದರೆ ಕೊಡುಕೊಳ್ಳುವಿಕೆ ಸರಿಹೋಗುತ್ತದೆ. ಎರಡು ತಾಮ್ರ ಒಂದೊಂದು ಎಲೆಕ್ಟ್ರಾನ್ ಪಡೆಯುತ್ತವೆ, ಒಂದು ತವರ ಎರಡು ಕೊಡುತ್ತದೆ. ಆದರೆ ಒಂದು ಚಾರ್ಜಿನ ತಾಮ್ರದ ಲವಣಕ್ಕೆ ಸ್ಟ್ಯಾನಸ್ ಕ್ಲೋರೈಡ್ ಜೋಡಿಸಿದರೆ ತವರ ಎರಡು ಚಾರ್ಜಿನಲ್ಲೇ ಉಳಿದು ಟಿನ್ ಸಲ್ಫೈಡ್ ಆಗುವ ಅಪಾಯ ಜಾಸ್ತಿ.

ಇಡಿಎಸ್ ಲೆಕ್ಕ ತಪ್ಪಿದಾಗ

ಇಡಿಎಸ್ ಎಂದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಹೊಮ್ಮುವ ಎಕ್ಸ್-ಕಿರಣದಿಂದ ಯಾವ ಧಾತು ಎಷ್ಟಿದೆ ಅಂತ ಅಳೆಯುವುದು. ತಾಮ್ರ ಬೇಕಾದ್ದಕ್ಕಿಂತ ದುಪ್ಪಟ್ಟು ತೋರಿಸುತ್ತಿದೆ ಅಂತ ಕಂಗಾಲಾಗುವ ಮೊದಲು ಟಿಇಎಂ ಎಂಬ ಮೈಕ್ರೋಸ್ಕೋಪಿನಲ್ಲಿ ಕಣ ಇಡುವ ಗ್ರಿಡ್ ಯಾವುದು ನೋಡಿ. ಮಾಮೂಲಿ ಗ್ರಿಡ್ ತಾಮ್ರದ್ದು. ಹೋಲ್ಡರಿನಲ್ಲಿ ಹಿತ್ತಾಳೆ ಭಾಗ ಇದ್ದರೆ ಅದರಿಂದ ತಾಮ್ರವೂ ಬರುತ್ತದೆ, ಸತುವೂ ಬರುತ್ತದೆ. ನಿಕ್ಕಲ್ ಗ್ರಿಡ್ ಬಳಸಿ. ಅದು ಇಕ್ಕುಳಕ್ಕೆ ಅಂಟಿಕೊಂಡು ಸ್ವಲ್ಪ ಕಾಡುತ್ತದೆ, ಸಹಿಸಿಕೊಳ್ಳಿ. ಮಾಲಿಬ್ಡಿನಂ ಬೇಡ. ಅದರ ಎಲ್ ಗೆರೆ 2.29 ಕಿಲೋ ಎಲೆಕ್ಟ್ರಾನ್ ವೋಲ್ಟ್, ಗಂಧಕದ ಕೆ ಗೆರೆ 2.31. ಎರಡೂ ಒಂದರ ಮೇಲೊಂದು ಕೂರುತ್ತವೆ. ಮಾಲಿಬ್ಡಿನಂ ಬಳಿದ ಗಾಜಿನ ಮೇಲಿನ ಫಿಲ್ಮ್‌ಗೂ ಇದೇ ತೊಂದರೆ. ಎಸ್‌ಇಎಂ ಎಂಬ ಇನ್ನೊಂದು ಬಗೆಯ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುವುದಾದರೆ ಸಿಲಿಕಾನ್ ತುಂಡಿನ ಮೇಲೆ ಒಂದು ಹನಿ ಒಣಗಿಸಿ. ಇನ್ನು ತಾಮ್ರದ ಎರಡನೇ ಗೆರೆ 8.90, ಸತುವಿನ ಮೊದಲ ಗೆರೆ 8.64. ಇವು ಪಕ್ಕಪಕ್ಕದಲ್ಲಿ ಒರಗಿಕೊಂಡಿರುತ್ತವೆ, ಸಾಫ್ಟ್‌ವೇರ್ ಕೊಟ್ಟ ಸಂಖ್ಯೆಯನ್ನು ಸುಮ್ನೆ ನಂಬಬೇಡಿ.

ತವರ ಕಡಿಮೆ ತೋರಿಸಿದರೆ ಮೂರು ಕಡೆ ನೋಡಬೇಕು. ಒಂದು, ಆಗಲೇ ಹೇಳಿದ ನೀರಿನ ತೂಕ. ಎರಡು, ನೀರಿಲ್ಲದ ಸ್ಟ್ಯಾನಿಕ್ ಕ್ಲೋರೈಡ್ 114 ಡಿಗ್ರಿಯಲ್ಲೇ ಕುದಿಯುತ್ತದೆ. ವ್ಯಾಕ್ಯೂಮ್ ಹಾಕಿ ಬಿಸಿ ಮಾಡಿದರೆ ಅಮೀನ್ ಹಿಡಿಯುವ ಮೊದಲೇ ಒಂದಷ್ಟು ಪಂಪಿನ ಕಡೆಗೆ ಹೋಗಿಬಿಡುತ್ತದೆ. ಅದನ್ನು ಬಳಸುವುದಾದರೆ ಉಳಿದದ್ದನ್ನೆಲ್ಲ ಡೀಗ್ಯಾಸ್ ಮಾಡಿ, ಆರ್ಗಾನ್ ಬಿಟ್ಟು, ತಣಿಸಿ, ಕೊನೆಯಲ್ಲಿ ಸಿರಿಂಜಿನಿಂದ ಹನಿಹನಿಯಾಗಿ ಹಾಕಿ. ತೇವದ ಗಾಳಿ ತಾಗಿದರೆ ಬಿಳಿ ಹೊಗೆ ಏಳುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಮೂರನೆಯದು ಐಸಿಪಿ ಪರೀಕ್ಷೆಗೆ (ಕರಗಿಸಿ ಲೋಹಗಳ ಪ್ರಮಾಣ ಅಳೆಯುವುದು) ಕಳಿಸುವವರಿಗೆ. ಬರೀ ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿದರೆ ತವರ ಬಿಳಿ ಮಡ್ಡಿಯಾಗಿ ತಳ ಸೇರುತ್ತದೆ. ಯಂತ್ರಕ್ಕೆ ಹೋಗುವುದು ತವರವಿಲ್ಲದ ನೀರು. ಹೈಡ್ರೋಕ್ಲೋರಿಕ್ ಆಸಿಡ್ ಸೇರಿದ ಅಕ್ವಾ ರೀಜಿಯಾ ಬಳಸಿ.

28 ಡಿಗ್ರಿಯ ಸುತ್ತ ಮೂರು ಪೀಕ್ ಬಂದರೆ

26.9, 28.4 ಮತ್ತು 30.5ರಲ್ಲಿ ಮೂರು ಪೀಕ್ ಬಂದರೆ ಅದು ಕಸವಲ್ಲ, ವುರ್ಟ್‌ಜೈಟ್ ಎಂಬ ಷಡ್ಭುಜ ಜೋಡಣೆಯ ರೂಪದ ಸಿಜಡ್‌ಟಿಎಸ್. ಡೋಡೆಕೇನ್‌ಥಯಾಲ್ ಹಾಕಿದಾಗ ಹೀಗಾಗುವುದು ಸಾಮಾನ್ಯ. ಥಯಾಲ್ ತಾಮ್ರವನ್ನು ಗಟ್ಟಿಯಾಗಿ ಹಿಡಿದು ಅದರ ಓಟಕ್ಕೆ ಕಡಿವಾಣ ಹಾಕುತ್ತದೆ. ಮೊದಲು ಹುಟ್ಟುವ ಕಾಪರ್ ಸಲ್ಫೈಡ್ ಷಡ್ಭುಜ ಜೋಡಣೆಯದಾದರೆ, ಅದರೊಳಗೆ ಇಳಿದ ಸತು-ತವರಗಳೂ ಅದೇ ಚೌಕಟ್ಟಿಗೆ ಹೊಂದಿಕೊಳ್ಳುತ್ತವೆ. ಸಿಜಡ್‌ಟಿಎಸ್‌ನ ಮಾಮೂಲಿ ಕೆಸ್ಟರೈಟ್ ರೂಪವೇ ಬೇಕಿದ್ದರೆ ಥಯಾಲ್ ಕಡಿಮೆ ಮಾಡಿ. ಫಿಲ್ಮ್ ಮಾಡಿ ಹೇಗೂ ಕಾಯಿಸುವಿರಾದರೆ ಚಿಂತೆ ಬೇಡ, ಕಾಯಿಸಿದಾಗ ಅದು ಕೆಸ್ಟರೈಟ್‌ಗೆ ತಿರುಗುತ್ತದೆ.

ತೊಳೆದ ಮೇಲೆ ಕಣ ಹರಡುತ್ತಿಲ್ಲ

ಎಥನಾಲ್ ಹಾಕಿ ಸೆಂಟ್ರಿಫ್ಯೂಜ್ ಮಾಡಿದ ಮೇಲೆ ಟಾಲ್ವಿನ್ ದ್ರಾವಕದಲ್ಲಿ ಹರಡದೆ ತಳಕ್ಕೆ ಕೂತರೆ ಜಾಸ್ತಿ ತೊಳೆದಿದ್ದೀರಿ. ಮೇಲಿನ ಅಮೀನ್ ಹೊದಿಕೆ ಹೋಗಿದೆ. ಒಂದೆರಡು ಹನಿ ಒಲೈಲ್‌ಅಮೀನ್ ಹಾಕಿ ಸೋನಿಕೇಟ್ ಮಾಡಿ (ಶಬ್ದದ ಅಲೆಯಿಂದ ಅಲುಗಾಡಿಸಿ) ನೋಡಿ. ಅಂಟಂಟಾಗಿ ಮೇಣದ ಹಾಗಿದ್ದರೆ ತೊಳೆದದ್ದು ಸಾಲದು. ಎಕ್ಸ್‌ಆರ್‌ಡಿಯಲ್ಲಿ 23.1ರ ಹತ್ತಿರ ಚೂಪಾದ ಪೀಕ್ ಬಂದರೆ ಮಿಕ್ಕ ಗಂಧಕ ಹಾಗೇ ಇದೆ.

ಇನ್‌ಫ್ರಾರೆಡ್‌ನಲ್ಲಿ ಗುಡ್ಡ ಎದ್ದರೆ

1.5 ಎಲೆಕ್ಟ್ರಾನ್ ವೋಲ್ಟ್ ಅಂದರೆ ಸುಮಾರು 830 ನ್ಯಾನೊಮೀಟರ್. ಅದರ ಆಚೆಗೆ ಸಿಜಡ್‌ಟಿಎಸ್ ಬೆಳಕು ಹೀರುವುದು ಬೇಗ ಇಳಿಯಬೇಕು. ಇಳಿಯದೆ 1000 ದಾಟಿ ಮತ್ತೆ ಗುಡ್ಡದಂತೆ ಏರಿದರೆ ಅದು ತಾಮ್ರ ಕೊರತೆಯ ಕಾಪರ್ ಸಲ್ಫೈಡಿನ ಪ್ಲಾಸ್ಮಾನ್. ತಾಮ್ರದ ಜಾಗ ಖಾಲಿಯಾದಂತೆಲ್ಲ ಧನ ಚಾರ್ಜಿನ ಹೋಲ್‌ಗಳು ಹೆಚ್ಚುತ್ತವೆ, ಅವು ಒಟ್ಟಾಗಿ ಓಲಾಡಿ ಇನ್‌ಫ್ರಾರೆಡ್ ಹೀರುತ್ತವೆ. ಬರ್ಕ್ಲಿಯ ಸಂಶೋಧಕರು 2011ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಗಾಳಿಗೆ ಇಟ್ಟರೆ ಗುಡ್ಡ ದಿನದಿನಕ್ಕೆ ಬೆಳೆದು ಎಡಕ್ಕೆ ಸರಿಯುತ್ತದೆ. ಪರೀಕ್ಷೆಯೂ ಅದೇ: ಇವತ್ತು ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ ಅಳೆಯಿರಿ. ಬದಲಾದರೆ ಪ್ಲಾಸ್ಮಾನ್. ಬೆಳಕು ಚದುರಿ ಬರುವ ಬಾಲಕ್ಕೆ ಗುಡ್ಡ ಇರುವುದಿಲ್ಲ, ಸುಮ್ನೆ ಇಳಿಜಾರು. ಟಾಲ್ವಿನ್, ಹೆಕ್ಸೇನ್‌ಗಳಿಗೂ ಈ ಭಾಗದಲ್ಲಿ ತಮ್ಮದೇ ಪೀಕ್‌ಗಳಿವೆ, ಆದ್ದರಿಂದ ಟೆಟ್ರಾಕ್ಲೋರೋಎಥಿಲೀನ್ ಬಳಸಿ.

ಫೋಟೋಥರ್ಮಲ್ (ಬೆಳಕಿನಿಂದ ಬಿಸಿ ಹುಟ್ಟಿಸುವ) ಕೆಲಸ ಮಾಡುವವರಿಗೆ ಈ ಗುಡ್ಡವೇ ಬೇಕಾದದ್ದು. ಸೋಲಾರ್ ಸೆಲ್ ಮಾಡುವವರಿಗೆ ಇದು ದೋಷ. ತಾಮ್ರದ ಚಾಲ್ಕೊಜೆನೈಡ್‌ಗಳ, ಅಂದರೆ ಗಂಧಕ, ಸೆಲೆನಿಯಂನಂಥವುಗಳ ಜೊತೆ ಕೂಡಿದ ವಸ್ತುಗಳ ಬಳಗ ಅಷ್ಟು ದೊಡ್ಡದು. ನಮ್ಮ ಚಿತ್ರದುರ್ಗದ ಇಂಗಳದಾಳ್ ಗಣಿಯಲ್ಲಿ ತೆಗೆಯುತ್ತಿದ್ದ ಅದಿರಿನ ಚಾಲ್ಕೊಪೈರೈಟ್ ಕೂಡ ಇದೇ ಬಳಗದ ಖನಿಜ. ಅಲ್ಲಿ ಸತು-ತವರದ ಜಾಗದಲ್ಲಿ ಕಬ್ಬಿಣ ಕೂತಿದೆ.

ಕಾಪರ್ ಇಂಡಿಯಂ ಸಲ್ಫೈಡ್ ಹೊಳೆಯದಿದ್ದರೆ

ಇದೇ ಬಳಗದ ಕಾಪರ್ ಇಂಡಿಯಂ ಸಲ್ಫೈಡ್ ಕಣಗಳನ್ನು ಬೆಳಕು ಹೊಮ್ಮಿಸಲಿ ಅಂತ ಮಾಡುತ್ತಾರೆ. ಕಾಪರ್ ಅಯೋಡೈಡ್, ಇಂಡಿಯಂ ಅಸಿಟೇಟ್ ಎರಡನ್ನೂ ಡೋಡೆಕೇನ್‌ಥಯಾಲ್‌ನಲ್ಲಿ ಕಾಯಿಸುವ ವಿಧಾನದಲ್ಲಿ ದ್ರಾವಣ ತಿಳಿಯಾಗಿ, ಹಳದಿಯಾಗಿ, ಕೆಂಪಾಗಿ, ಕೊನೆಗೆ ಗಾಢ ಕೆಂಪಾಗಬೇಕು. ಹಳದಿ ಬರದೆ ಒಮ್ಮೆಲೇ ಕಪ್ಪಾದರೆ ಮತ್ತೆ ಅದೇ ಕಥೆ, ತಾಮ್ರ ಮೊದಲು ಓಡಿದೆ. ಥಯಾಲ್ ಹೆಚ್ಚಿಸಿ. ಬಣ್ಣ ಸರಿ ಇದ್ದೂ ಹೊಳಪು ಮಂಕಾಗಿದ್ದರೆ ತಾಮ್ರವನ್ನು ಇಂಡಿಯಂಗಿಂತ ಕಡಿಮೆ ಹಾಕಿ, ಮೇಲೆ ಜಿಂಕ್ ಸಲ್ಫೈಡಿನ ಹೊದಿಕೆ ಬೆಳೆಸಿ. ಹೊದಿಕೆ ಹಾಕಿದಾಗ ಬಣ್ಣ ನೀಲಿಯ ಕಡೆಗೆ ಸರಿಯುವುದು ದೋಷವಲ್ಲ, ಸತು ಒಳಗೂ ಇಳಿದಿದೆ ಅಷ್ಟೆ. ಹೊಳಪಿನ ಅಗಲ 100 ನ್ಯಾನೊಮೀಟರ್ ಇರುವುದೂ ದೋಷವಲ್ಲ, ಈ ವಸ್ತುವಿನ ಸ್ವಭಾವವೇ ಹಾಗೆ. ಅದನ್ನು ಕಿರಿದು ಮಾಡಲು ಹೋಗಿ ವಾರಗಟ್ಟಲೆ ಕಳೆಯಬೇಡಿ.

ಫಿಲ್ಮ್ ಕಾಯಿಸುವಾಗ

ಫ್ಲಾಸ್ಕಿನಲ್ಲಿ ಎಲ್ಲ ಸರಿಯಾಗಿ ಮುಗಿದು, ಕೊನೆಗೆ ಫರ್ನೇಸಿನಲ್ಲಿ ಕೆಡುವುದು ತುಂಬ ನೋವಿನ ಸಂಗತಿ. ಫಿಲ್ಮನ್ನು 500 ಡಿಗ್ರಿಯ ಆಸುಪಾಸಿನಲ್ಲಿ ವ್ಯಾಕ್ಯೂಮಿನಲ್ಲೋ ಹರಿಯುವ ಆರ್ಗಾನ್‌ನಲ್ಲೋ ಬರಿದೆ ಕಾಯಿಸಿದರೆ ತವರ ಟಿನ್ ಸಲ್ಫೈಡ್ ಆವಿಯಾಗಿ ಹೊರಟುಹೋಗುತ್ತದೆ. ಹಿಂದೆ ಉಳಿಯುವುದು ಕಾಪರ್ ಸಲ್ಫೈಡ್ ಮತ್ತು ಜಿಂಕ್ ಸಲ್ಫೈಡ್. ಅಷ್ಟು ಕಷ್ಟಪಟ್ಟು ಸೇರಿಸಿದ್ದು ಮತ್ತೆ ಬೇರೆಯಾಯಿತು. ಫರ್ನೇಸ್ ಕೊಳವೆಯ ತಣ್ಣನೆಯ ತುದಿಯಲ್ಲಿ ಕಪ್ಪು-ಬೂದು ಪುಡಿ ಕೂತಿದ್ದರೆ ಅದನ್ನು ಕೆರೆದು ಇಡಿಎಸ್ ಮಾಡಿ, ತವರ ಸಿಗುತ್ತದೆ.

ಫಿಲ್ಮನ್ನು ಮುಚ್ಚಳವಿರುವ ಗ್ರ್ಯಾಫೈಟ್ ಡಬ್ಬಿಯಲ್ಲಿ ಇಡಿ. ಜೊತೆಗೆ ಗಂಧಕ ಅಥವಾ ಸೆಲೆನಿಯಂ ಗುಳಿಗೆ, ಚಿಟಿಕೆ ಟಿನ್ ಸಲ್ಫೈಡ್ ಹಾಕಿ. ಒಳಗಿನ ಆವಿ ತವರವನ್ನು ಹೋಗಲು ಬಿಡುವುದಿಲ್ಲ. ಶುರುವಿನಲ್ಲೇ ತಾಮ್ರ ಸ್ವಲ್ಪ ಕಡಿಮೆ, ಸತು ಸ್ವಲ್ಪ ಜಾಸ್ತಿ ಇಟ್ಟುಕೊಳ್ಳುವುದು ಒಳ್ಳೆಯದು. ಸತು ಮತ್ತು ತವರದ ಮೊತ್ತಕ್ಕೆ ತಾಮ್ರ 0.8ರಷ್ಟು, ತವರಕ್ಕೆ ಸತು 1.2ರಷ್ಟು. ಒಳ್ಳೆಯ ಸೆಲ್‌ಗಳು ಬಂದಿರುವುದು ಈ ಆಸುಪಾಸಿನಲ್ಲೇ. ಸೆಲೆನಿಯಂ ಬಳಸುವವರು ಗಾಳಿ ಹೊರಹೋಗುವ ದಾರಿಯನ್ನು ಎರಡು ಸಲ ನೋಡಿಕೊಳ್ಳಿ, ಹೈಡ್ರೋಜನ್ ಸೆಲೆನೈಡ್ ಹೈಡ್ರೋಜನ್ ಸಲ್ಫೈಡಿಗಿಂತ ಎಷ್ಟೋ ವಿಷ. ಫರ್ನೇಸ್ ಆರುವಾಗಲೂ ಡಬ್ಬಿ ತೆರೆಯಬೇಡಿ. ಪೂರ್ತಿ ತಣ್ಣಗಾಗಲಿ. ಆಮೇಲೆ ಹೊರತೆಗೆದು, ಸೆಲ್ ಕಟ್ಟುವ ಮೊದಲು ಒಂದು ಮೂಲೆಯಲ್ಲಿ ಮತ್ತೆ ರಾಮನ್ ತೆಗೆಯಿರಿ. 475ರಲ್ಲಿ ಏನೂ ಇಲ್ಲದಿದ್ದರೆ ಮುಂದಿನ ಪದರಕ್ಕೆ ಹೋಗಬಹುದು.